ದಂಡಿನಲ್ಲಿ ಹುಟ್ಟಿದ ಇಲ್ಲದ ದೇಶ

ಬೆಂಗಳೂರಿನ ಹಳಬರು ಇಂದಿಗೂ ಕಂಟೋನ್ಮೆಂಟನ್ನು ‘ದಂಡು’ ಎಂದೇ ಕರೆಯುತ್ತಾರೆ. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷ್ ಸೇನೆ ಬೀಡುಬಿಟ್ಟಂದಿನಿಂದ ನಿಂತ ಹೆಸರು ಅದು. ನನ್ನ ಬಾಲ್ಯ ಕಳೆದದ್ದು ಆ ಹಲಸೂರಿನಲ್ಲಿ. ದಂಡಿನ ಇತಿಹಾಸವೆಂದರೆ ಕವಾಯತು, ಚರ್ಚು, ಕುದುರೆಲಾಯ, ಇಷ್ಟೇ ಎಂದು ತಿಳಿದಿದ್ದೆ. ಅಲ್ಲಿ ಒಂದು ಕಾದಂಬರಿಯೂ ಹುಟ್ಟಿತ್ತು, ಅದೂ ಭೂಪಟದಲ್ಲಿ ಇಲ್ಲದ ದೇಶವೊಂದರ ಕಥೆ ಎಂಬುದು ಗೊತ್ತಾದದ್ದು ನಾನು ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾದ ಮೇಲೆ.

ಬರೆದಾತ ವಿನ್‌ಸ್ಟನ್ ಚರ್ಚಿಲ್. 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸ್ಸಾರ್ ಅಶ್ವದಳದೊಡನೆ ಬೆಂಗಳೂರಿಗೆ ಬಂದಾಗ ಆತನಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಇಬ್ಬರು ಗೆಳೆಯ ಅಧಿಕಾರಿಗಳೊಡನೆ ದೊಡ್ಡ ಬಂಗಲೆಯಲ್ಲಿ ವಾಸ. ಬೆಳಗ್ಗೆ ಕವಾಯತು, ಸಂಜೆ ಪೋಲೋ. ನಡುವಣ ಬಿಸಿಲಿನ ಹೊತ್ತು ಆತನದು. ಆ ಹೊತ್ತಿನಲ್ಲಿ ತಾಯಿ ಕಳುಹಿಸಿದ ಗಿಬ್ಬನ್, ಮೆಕಾಲೆಯವರ ಸಂಪುಟಗಳನ್ನು ಓದಿದ. ಗುಲಾಬಿ ಬೆಳೆಸಿದ. ಚಿಟ್ಟೆಗಳನ್ನು ಸಂಗ್ರಹಿಸಿದ; ಇಲಿಯೊಂದು ಬಂದು ಆ ಸಂಗ್ರಹವನ್ನು ತಿಂದುಹಾಕಿತು. 1897ರಲ್ಲಿ ಕಾದಂಬರಿಗೆ ಕೈಹಾಕಿದ.

ಕಥೆ ನಡೆಯುವುದು ಲಾರೇನಿಯಾ ಎಂಬ ಕಲ್ಪಿತ ಗಣರಾಜ್ಯದಲ್ಲಿ, ಮೆಡಿಟರೇನಿಯನ್ ಕಡಲ ತೀರದಲ್ಲಿ. ಮೊಲಾರಾ ಎಂಬ ಸರ್ವಾಧಿಕಾರಿ ಜನರ ಮತದಾನದ ಹಕ್ಕನ್ನು ಮೊಟಕುಗೊಳಿಸುತ್ತಾನೆ. ಸವ್ರೋಲಾ ಎಂಬ ವಾಗ್ಮಿ ಜನರನ್ನು ಎಬ್ಬಿಸುತ್ತಾನೆ. ಸರ್ವಾಧಿಕಾರಿಯ ಮಡದಿ ಲುಸೀಲ್ ಈ ನಾಯಕನಿಗೆ ಮನಸೋಲುತ್ತಾಳೆ. ದಂಗೆ ಗೆಲ್ಲುತ್ತದೆ, ಗೆಲ್ಲಿಸಿದವನೇ ಊರು ಬಿಡಬೇಕಾಗುತ್ತದೆ. ಕಾದಂಬರಿಯ ಹೆಸರೂ ‘ಸವ್ರೋಲಾ’.

ಕಾದಂಬರಿಗಿಂತ ಅದರ ಕರಡಿನ ಕಥೆಯೇ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡಿದೆ. ಐದು ಅಧ್ಯಾಯಗಳು ಮುಗಿಯುವ ವೇಳೆಗೆ ವಾಯವ್ಯ ಗಡಿಯ ಮಲಕಂಡದಲ್ಲಿ ಯುದ್ಧ ಹತ್ತಿಕೊಂಡಿತು. ತರುಣ ಬರೆಹವನ್ನು ಬದಿಗಿಟ್ಟು ರೈಲು ಹತ್ತಿದ. ಹಿಂದಿರುಗಿ ಮೊದಲು ಆ ಯುದ್ಧದ ಚರಿತ್ರೆಯನ್ನು ಬರೆದ, ಆಮೇಲೆ ಲಾರೇನಿಯಾಕ್ಕೆ ಮರಳಿದ. ಮುಂದಿನ ಅಧ್ಯಾಯಗಳ ಬೀದಿಕಾಳಗದಲ್ಲಿ ಕೇಳುವ ಗುಂಡಿನ ಸದ್ದು ಕಿವಿಯಾರೆ ಕೇಳಿದವನದು ಎಂದು ನನಗೆ ತೋರುತ್ತದೆ. ಪ್ರಣಯದ ಭಾಗಗಳನ್ನು ಕುರಿತು ಈ ಮಾತು ಹೇಳುವಂತಿಲ್ಲ.

ಯುದ್ಧಚರಿತ್ರೆ 1898ರ ಮಾರ್ಚಿನಲ್ಲಿ ಪ್ರಕಟವಾಯಿತು. ಅಚ್ಚಿನ ಕರಡು ತಿದ್ದುವ ಭಾರ ಇಂಗ್ಲೆಂಡಿನಲ್ಲಿದ್ದ ದೊಡ್ಡಮ್ಮನ ಗಂಡನ ಮೇಲೆ ಬಿದ್ದಿತ್ತು. ಪುಸ್ತಕದ ತುಂಬ ತಪ್ಪುಗಳು. ಲೇಖಕ ನಾಚಿಕೆಯಿಂದ ಕುದಿದುಹೋದ. ಕರಡು ತಿದ್ದುತ್ತಲೇ ಕಣ್ಣು ಸವೆಸಿಕೊಂಡ ನನ್ನಂಥವನಿಗೆ ಆ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಕಾದಂಬರಿಯ ಹಸ್ತಪ್ರತಿಯನ್ನು ಹಿರಿಯರಿಗೆ ತೋರಿಸಿದ. ಡಚೆಸ್ ಆಗಿದ್ದ ಅಜ್ಜಿ ಓದಿ, ಹೆಂಗಸರ ವಿಷಯದಲ್ಲಿ ನಿನಗೆ ಅನುಭವ ಸಾಲದು ಎಂಬ ಅರ್ಥದ ಮಾತು ಬರೆದರು. ಅಜ್ಜಿಯ ಕಣ್ಣು ಚುರುಕು! ದಳದ ಗೆಳೆಯರು ಪ್ರಣಯಕ್ಕೆ ಇನ್ನಷ್ಟು ಕಾವು ಕೊಡೆಂದರು; ಅದಕ್ಕೆ ಆತ ಒಪ್ಪಲಿಲ್ಲ, ಆದರೆ ಪುಸ್ತಕವನ್ನು ಅವರಿಗೇ ಅರ್ಪಿಸಿದ. ಲುಸೀಲ್ ಮಾತ್ರ ಅಚ್ಚಿನಲ್ಲಿಯೂ ಬೊಂಬೆಯಾಗಿಯೇ ಉಳಿದಳು.

ಇವರೆಲ್ಲ ನಾಯಕಿಯನ್ನು ಕುರಿತು ಚಿಂತಿಸಿದರು. ನಾನು ಕೇಳಬೇಕೆಂದಿರುವುದು ಬೇರೊಂದು ಪ್ರಶ್ನೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂದಿರುಗಿದಾಗಲೂ ದಂಡು ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಮರಳಿದ್ದು 1947ರಲ್ಲಿ. ಆ ರೆಸಿಡೆಂಟನನ್ನು ಇಲ್ಲಿನ ಪ್ರಜೆ ಯಾರೂ ಆರಿಸಿದ್ದಲ್ಲ. ಕಲ್ಪಿತ ಜನರ ಮತದ ಹಕ್ಕಿಗಾಗಿ ಅರಮನೆಗೆ ಮುತ್ತಿಗೆ ಹಾಕಿಸುತ್ತಿದ್ದ ಲೇಖನಿ ಓಡುತ್ತಿದ್ದಾಗ, ಅದೇ ಜಗಲಿಯ ಕೆಳಗೆ ಬಟ್ಲರನಿದ್ದ, ಕುದುರೆಯಾಳಿದ್ದ, ಅಗಸನಿದ್ದ. ಅವರಿಗೂ ಇಂಥದೊಂದು ಹಕ್ಕು ಬೇಕಾದೀತೆಂದು ಆ ಲೇಖನಿಗೆ ಹೊಳೆದಂತಿಲ್ಲ. ಇಪ್ಪತ್ತೆರಡರ ಹುಡುಗನಿಂದ ಅಷ್ಟನ್ನು ಬಯಸಬಹುದೇ ಎಂದು ತಾವು ಕೇಳಬಹುದು. ಆದರೆ ಅರುವತ್ತಾದ ಮೇಲೂ ಆತನಿಗೆ ಅದು ಹೊಳೆಯಲಿಲ್ಲವಷ್ಟೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲೂ ದಂಡಿನಲ್ಲೂ ಜನ ಸಾವಿರಗಟ್ಟಲೆ ಸತ್ತರು. ಚರ್ಚಿಲ್ ಆಗ ಊರಲ್ಲಿರಲಿಲ್ಲ. ಸುಡಾನಿನ ಯುದ್ಧಕ್ಕೆ ಹೋಗಿದ್ದ. 1899ರ ಮೇ ತಿಂಗಳಿಂದ ಡಿಸೆಂಬರಿನವರೆಗೆ ‘ಸವ್ರೋಲಾ’ ಲಂಡನ್ನಿನ ಮ್ಯಾಕ್‌ಮಿಲನ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದೇ 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ವೆಂಕಟರಾಯರು ಪೊಲೀಸ್ ಇಲಾಖೆಯವರು. ಅವರೂ ಕಮಲಪುರವೆಂಬ ಊರನ್ನು ಕಲ್ಪಿಸಿಕೊಂಡರು. ಆದರೆ ಆ ಊರಿನ ವಿಧವೆಯನ್ನು, ವಕೀಲನನ್ನು, ಡಂಭದ ಭಕ್ತರನ್ನು ಮಂಗಳೂರಿನವರು ತಮ್ಮ ಬೀದಿಯಲ್ಲೇ ಕಾಣಬಹುದಿತ್ತು. ಕಲೆಗಾರಿಕೆಯಲ್ಲಿ ಎರಡೂ ಎಳಸು ಕೃತಿಗಳೇ; ನನ್ನ ಒಲವು ಯಾವುದರ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

‘ಸವ್ರೋಲಾ’ ಹಲವು ವರ್ಷಗಳಲ್ಲಿ ಒಟ್ಟು ಸುಮಾರು 700 ಪೌಂಡು ತಂದುಕೊಟ್ಟಿತೆಂದು ಚರ್ಚಿಲ್ಲನೇ ಬರೆದಿದ್ದಾನೆ. ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕಪುಸ್ತಕದಲ್ಲಿ ಮಾತ್ರ ಆತನ ಹೆಸರಿನ ಮುಂದೆ 13 ರೂಪಾಯಿ ವಸೂಲಾಗದ ಬಾಕಿಯೆಂದು ಇಂದಿಗೂ ನಿಂತಿದೆ. ಆತ ಮತ್ತೊಂದು ಕಾದಂಬರಿ ಬರೆಯಲಿಲ್ಲ. ಇದನ್ನು ಓದಬೇಡಿರೆಂದು ಗೆಳೆಯರಿಗೆ ಹೇಳುತ್ತ ಬಂದೆನೆಂದು 1930ರ ಆತ್ಮಕಥೆಯಲ್ಲಿ ಒಪ್ಪಿಕೊಂಡ. ನಾನು ಆತನ ಗೆಳೆಯನಲ್ಲವಾದ್ದರಿಂದ ಹಲಸೂರಿನ ಮನೆಯ ಜಗಲಿಯಲ್ಲಿ ಕುಳಿತು ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದೆ.