ಆರು ಸಾವಿರ ವರ್ಷದ ಹಗೇವು

ಪಾಯ ತೋಡುವಾಗ ಹಳೇ ಮಡಕೆ ಚೂರು ಸಿಕ್ಕರೆ ನಾವು ಮಾಡುವುದೇನು? ಬುಟ್ಟಿಗೆ ತುಂಬಿ ಆಚೆ ಸುರಿಯುತ್ತೇವೆ. ನಿಧಿ ಇದ್ದೀತು ಅಂತ ರಾತ್ರಿ ಬಂದು ಕೆದಕುವವರೂ ಉಂಟು.

1953ರಲ್ಲಿ ಚೀನಾ ದೇಶದ ಶಿಯಾನ್ ನಗರದ ಪೂರ್ವಕ್ಕೆ, ಬಾನ್‌ಪೊ ಎಂಬಲ್ಲಿ ವಿದ್ಯುತ್ ಕೇಂದ್ರದ ಕೆಲಸಕ್ಕೆ ನೆಲ ಅಗೆಯುವಾಗಲೂ ಇಂಥ ಚೂರುಗಳೇ ಮೇಲೆದ್ದವು. ಅಲ್ಲಿಯವರು ಸುಮ್ಮನಿರಲಿಲ್ಲ. 1954ರಿಂದ 1957ರವರೆಗೆ ಶಿ ಶಿಂಗ್‌ಬಾಂಗ್ ಎಂಬ ಪುರಾತತ್ವಜ್ಞರ ಮುಂದಾಳುತನದಲ್ಲಿ ಉತ್ಖನನ ನಡೆಯಿತು. ಮಣ್ಣಿನಡಿ ಇದ್ದದ್ದು ಒಂದು ಊರು! ಸುಮಾರು 12 ಎಕರೆ ವಿಸ್ತಾರ; ಅಗೆದದ್ದು ಎರಡೂವರೆ ಎಕರೆಯಷ್ಟು ಮಾತ್ರ. ಅಷ್ಟರಲ್ಲೇ 40ಕ್ಕೂ ಹೆಚ್ಚು ಮನೆಗಳು, ಒಳಗೆ ಒಲೆ, ಊರ ಸುತ್ತ 5-6 ಮೀಟರ್ ಆಳದ ಕಂದಕ. ಕಬ್ಬಿಣ ಕಾಣದ ಕಾಲ ಅದು. ಕಲ್ಲು, ಮೂಳೆಯ ಸಲಕರಣೆಯಲ್ಲಿ ಅಷ್ಟು ಆಳ ತೋಡಬೇಕಾದರೆ ಊರಿಗೆ ಊರೇ ಕೈ ಹಾಕಿರಬೇಕು. ತೀರಿಕೊಂಡ ಎಳೆ ಮಕ್ಕಳನ್ನು ಗಡಿಗೆಯಲ್ಲಿಟ್ಟು ಮನೆಯ ಹತ್ತಿರವೇ ಹೂಳುತ್ತಿದ್ದರಂತೆ. ಕರುಳು ಅಂದಿಗೂ ಇಂದಿಗೂ ಒಂದೇ.

ನಮ್ಮ ಸದಸ್ಯರಿಗೆ ಮುಖ್ಯವಾಗಿ ತಿಳಿಸಬೇಕಾದದ್ದು ಅಲ್ಲಿಯ ಕಾಳಿನ ಗುಂಡಿಗಳ ವಿಷಯ. 200ಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಹಲವು ಬಾಯಿ ಚಿಕ್ಕದು, ತಳ ಅಗಲ. ಥೇಟ್ ನಮ್ಮ ಹಗೇವು. ಬಾಯಿ ತೆಗೆದು, ಕೆಟ್ಟ ಗಾಳಿ ಹೋದ ಮೇಲೆ ಆಳು ಇಳಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಅಂಥದೊಂದು ಗುಂಡಿಯಲ್ಲಿ ಕೊಳೆತು ಪುಡಿಯಾದ ನವಣೆ ಸಿಕ್ಕಿತು. ಹೌದು, ನಮ್ಮ ನವಣೆಯೇ! ಈ ಬೆಳೆಯನ್ನು ಮೊದಲು ಹೊಲಕ್ಕೆ ತಂದವರು ಉತ್ತರ ಚೀನಾದ ರೈತರು ಎಂದು ವಿದ್ವಾಂಸರು ಹೇಳುತ್ತಾರೆ. ಇನ್ನೊಂದು ಗಡಿಗೆಯಲ್ಲಿ ಕೋಸು ಇಲ್ಲವೇ ಸಾಸಿವೆ ಜಾತಿಯ ಬೀಜವಿತ್ತು.

ಗುಂಡಿಗಳು ಹೆಚ್ಚಾಗಿ ಮನೆಯೊಳಗಿಲ್ಲ, ಮನೆಗಳ ನಡುವೆ ಹರಡಿವೆ. ಹಾಗಾಗಿ ಕಾಳು ಇಡೀ ಊರಿನ ಸೊತ್ತು ಎಂದು ಅಗೆದವರು ಬರೆದರು. ಸಹಕಾರ ಸಂಘದ ಮೂಲಪುರುಷರು ಇವರೇ ಎನ್ನಲು ನಮಗೂ ಆಸೆ. ಆದರೆ ಕಾಳು ಯಾರದು ಅಂತ ಗುಂಡಿ ಹೇಳುವುದಿಲ್ಲವಲ್ಲ! ನಂತರದ ವಿದ್ವಾಂಸರು ಈ ಮಾತನ್ನು ಪೂರ್ತಿ ಒಪ್ಪಿಲ್ಲ.

ಗೋದಾಮಿಗೋ ಬಾವಿಗೋ ಅಗೆಯುವಾಗ ನಮ್ಮಲ್ಲೂ ಕಲ್ಲಿನ ಕೊಡಲಿ, ಬೂದಿಯ ಪದರ, ಮಡಕೆ ರಾಶಿ ಕಂಡರೆ ಒಂದು ದಿನ ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ಬಾನ್‌ಪೊದಲ್ಲಿ 1958ರಲ್ಲಿ ಅದೇ ಜಾಗಕ್ಕೆ ಛಾವಣಿ ಹಾಕಿ ವಸ್ತುಸಂಗ್ರಹಾಲಯ ತೆರೆದರು. ಕಂಬದ ಕುಳಿ, ಒಲೆ, ಹಗೇವು ಎಲ್ಲವನ್ನೂ ಇದ್ದಲ್ಲೇ ನೋಡಬಹುದು.