ಸಿಪಾಯಿಯ ಪಟ್ಟಿಯಿಂದ ಚಾರಣಿಗನ ಗೇಟರ್‌ವರೆಗೆ

ಕಾಡುದಾರಿಯಲ್ಲಿ ನಡೆಯುವವರ ದೇಹದಲ್ಲಿ ಹಾವಿಗೆ ಮೊದಲು ಸಿಗುವುದು ಕಾಲು. ಪಾದದಿಂದ ಮೊಣಕಾಲಿನವರೆಗಿನ ಆ ಸ್ವಲ್ಪ ಭಾಗವನ್ನು ಕಾಪಾಡಿಕೊಳ್ಳಲು ಮನುಷ್ಯ ಹೂಡಿದ ಉಪಾಯಗಳಿಗೂ ಒಂದು ಇತಿಹಾಸವಿದೆ. ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು ಕಾಲಿಗೆ ಏನನ್ನು ಧರಿಸಬೇಕೆಂಬ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ದೊರೆಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಭಾರತದ ಸಿಪಾಯಿಗಳು ಕಣಕಾಲಿನಿಂದ ಮೊಣಕಾಲಿನವರೆಗೆ ಉದ್ದನೆಯ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಈ ಪಟ್ಟಿ ಹೆಸರಿನ ಸಮೇತ ಇಂಗ್ಲಿಷರ ಪಾಲಾಯಿತು. 1914-18ರ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರ ಕಾಲುಗಳ ಮೇಲೆ ಅದೇ ಇತ್ತು. ಕಲ್ಲು, ಮುಳ್ಳು, ಕೆಸರುಗಳಿಂದ ಅದು ರಕ್ಷಣೆ ಕೊಟ್ಟಿತು. ಆದರೆ ಹಾವಿನ ದೃಷ್ಟಿಯಿಂದ ಅದರಲ್ಲೊಂದು ಕೊರತೆಯಿತ್ತು. ಬಿಗಿಯಾಗಿ ಸುತ್ತಿದ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ; ಬಟ್ಟೆಯನ್ನು ದಾಟಿದ ಹಲ್ಲು ನೇರವಾಗಿ ಮಾಂಸಕ್ಕೆ ಇಳಿಯುತ್ತದೆ.

ಇದೇ ಕಾಲದಲ್ಲಿ ಭಾರತದ ಹಾವುಗಳನ್ನು ವೈಜ್ಞಾನಿಕವಾಗಿ ಅಭ್ಯಾಸ ಮಾಡಿದ ವೈದ್ಯ ಜೋಸೆಫ್ ಫೇರರ್. 1872ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ ಅವರು ಸರ್ಕಾರಿ ದಾಖಲೆಗಳಿಂದ ಸಾವಿನ ಲೆಕ್ಕ ಕಲೆಹಾಕಿದರು. ಬ್ರಿಟಿಷ್ ಭಾರತದ ಸುಮಾರು ಅರ್ಧ ಭಾಗದಿಂದ ಮಾತ್ರ ಬಂದ ವರದಿಗಳ ಪ್ರಕಾರ 1869ರ ಒಂದೇ ವರ್ಷದಲ್ಲಿ 11,416 ಮಂದಿ ಹಾವು ಕಚ್ಚಿ ಸತ್ತಿದ್ದರು. ಬೂಟು, ಪಟ್ಟಿ ಇದ್ದದ್ದು ಸೈನ್ಯಕ್ಕೆ. ಹೊಲಗದ್ದೆಗಳಲ್ಲಿ ದುಡಿಯುವವರು ಬರಿಗಾಲಿನಲ್ಲಿದ್ದರು.

ರೈತರ ಕಾಲಿಗೆಂದೇ ತಯಾರಾದ ರಕ್ಷಣೆ ಇರಲಿಲ್ಲವೆಂದಲ್ಲ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದರು. ಆ ವಿಧಾನವನ್ನು ಬಳಸಿ ಹೈರಮ್ ಹಚಿನ್‌ಸನ್ 1853ರಲ್ಲಿ ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ತೆರೆದರು. ಮರದ ಪಾದರಕ್ಷೆ ತೊಟ್ಟು ಕೆಸರಿನಲ್ಲಿ ದುಡಿಯುತ್ತಿದ್ದ ಅಲ್ಲಿನ ರೈತರು ಅವನ್ನು ಕೊಂಡರು. ನಾವು ಗಂಬೂಟು ಎನ್ನುವುದು ಇದನ್ನೇ. ಗಂಬೂಟಿನ ಗೋಡೆ ದಪ್ಪ. ಅದಕ್ಕೂ ಕಾಲಿಗೂ ನಡುವೆ ಬಿಡುವು ಉಂಟು. ಪಟ್ಟಿಯಲ್ಲಿ ಇಲ್ಲದ ಗುಣ ಇದು.

ಈ ಬಿಡುವಿನ ಮಹತ್ವ ತಿಳಿಯಬೇಕಾದರೆ ಹಾವಿನ ಹಲ್ಲನ್ನು ಗಮನಿಸಬೇಕು. ನಾಗರಹಾವಿನ ವಿಷದ ಹಲ್ಲು ಗಿಡ್ಡ, ದವಡೆಯಲ್ಲಿ ಸ್ಥಿರವಾಗಿರುತ್ತದೆ. ಕೊಳಕುಮಂಡಲದ ಹಲ್ಲು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಿದ್ದು, ಮಡಚಿಕೊಂಡಿದ್ದು ಕಚ್ಚುವಾಗ ಮುಂದಕ್ಕೆ ಚಾಚುತ್ತದೆ. ಹೊದಿಕೆಯ ದಪ್ಪ ಮತ್ತು ಒಳಗಿನ ಬಿಡುವು ಎರಡೂ ಸೇರಿ ಈ ಉದ್ದವನ್ನು ಮೀರಿದರೆ ಹಲ್ಲಿನ ತುದಿ ಚರ್ಮವನ್ನು ಮುಟ್ಟಲಾರದು.

2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಸಾಧಾರಣ ಬಟ್ಟೆಯ ಬೆಲೆಯನ್ನೂ ತೋರಿಸಿತು. ಉಪ್ಪುನೀರು ತುಂಬಿದ ರಬ್ಬರ್ ಕೈಗವಸುಗಳನ್ನು ರ‍್ಯಾಟಲ್ ಹಾವುಗಳ ಮುಂದೆ ಹಿಡಿದು ಕಚ್ಚಿಸಲಾಯಿತು. ಜೀನ್ಸ್ ಬಟ್ಟೆ ಹೊದಿಸಿದಾಗ ಒಳಹೊಕ್ಕ ವಿಷದ ಪ್ರಮಾಣ ಸಣ್ಣ ಹಾವುಗಳಲ್ಲಿ ಶೇಕಡಾ 60ರಷ್ಟು, ದೊಡ್ಡವುಗಳಲ್ಲಿ ಶೇಕಡಾ 66ರಷ್ಟು ಕಡಿಮೆಯಾಯಿತು. ಬಹಳಷ್ಟು ವಿಷ ಬಟ್ಟೆಯ ಪಾಲಾಗಿತ್ತು. ಆ ಹಾವುಗಳು ನಮ್ಮವಲ್ಲ ನಿಜ. ಆದರೂ ಅರ್ಧ ಚಡ್ಡಿಗಿಂತ ಉದ್ದನೆಯ, ದಪ್ಪ ಬಟ್ಟೆಯ, ಸಡಿಲವಾದ ಪ್ಯಾಂಟು ಮೇಲೆಂಬ ಪಾಠ ಇಲ್ಲೂ ಸಲ್ಲುತ್ತದೆ.

ಇಂದಿನ ಚಾರಣಿಗರಿಗಾಗಿ ಮಾರುವ ಹಾವು ನಿರೋಧಕ ಗೇಟರ್, ಪಟ್ಟಿಯ ಮುಂದುವರಿದ ರೂಪವೆನ್ನಬಹುದು. ಒತ್ತಾಗಿ ನೇಯ್ದ ದಪ್ಪ ನೈಲಾನಿನಿಂದ ಇದನ್ನು ಹೊಲಿಯುತ್ತಾರೆ. ಕೆಲವದರಲ್ಲಿ ಗಟ್ಟಿ ಪ್ಲಾಸ್ಟಿಕ್ ಹಾಳೆಗಳೂ ಇರುತ್ತವೆ. ಕೊಳ್ಳುವಾಗ ಮೂರು ಅಂಶಗಳನ್ನು ನೋಡಿದರೆ ಸಾಕು: ಅದು ಮೊಣಕಾಲಿನ ಹತ್ತಿರದವರೆಗೆ ಬರಬೇಕು, ಕೆಳಗೆ ಬೂಟಿನ ಮೇಲೆ ಕುಳಿತು ಕಣಕಾಲನ್ನು ಮುಚ್ಚಬೇಕು, ಕಾಲಿಗೆ ಒತ್ತದೆ ಸೆಟೆದು ನಿಲ್ಲಬೇಕು. ಮಲೆನಾಡಿನಲ್ಲಿ ಇಂಬಳ ತಡೆಯಲು ತೊಡುವ ತೆಳು ಬಟ್ಟೆಯ ಕಾಲುಚೀಲವನ್ನು ಹಾವಿಗೂ ಸಾಕೆಂದು ನಂಬುವುದು ಅಪಾಯಕರ.

ಪಶ್ಚಿಮ ಘಟ್ಟಗಳಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿನ ತರಗೆಲೆಗಳ ನಡುವೆ ಗುಬುಟು ಮೂಗಿನ ಕುಳಿಮಂಡಲ ಹಾವು ಅಡಗಿರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷದಿಂದ ತಯಾರಾದದ್ದು; ಈ ಹಾವಿನ ಕಡಿತಕ್ಕೆ ಅದು ಕೆಲಸ ಮಾಡುವುದಿಲ್ಲ. ಮಲಬಾರ್ ಕುಳಿಮಂಡಲವಾದರೋ ಗಿಡದ ರೆಂಬೆಗಳ ಮೇಲೂ ಕುಳಿತಿರುತ್ತದೆ. ಕೈ ಊರುವ ಮುನ್ನ ಕಣ್ಣು ಹಾಯಿಸದಿದ್ದರೆ ಗೇಟರ್ ಇದ್ದೂ ಪ್ರಯೋಜನವಿಲ್ಲ. ಇಷ್ಟಾಗಿಯೂ ಹಾವು ಕಚ್ಚಿದರೆ ಕಾಲಿಗೆ ಬಿಗಿಯಾದ ಕಟ್ಟು ಕಟ್ಟಬಾರದು, ಗಾಯವನ್ನು ಕೊಯ್ಯಬಾರದು. ಕಾಲನ್ನು ಅಲುಗಾಡಿಸದೆ ಬೇಗನೆ ಆಸ್ಪತ್ರೆ ಸೇರಬೇಕು.

ಫೇರರ್ ಆರಂಭಿಸಿದ ಲೆಕ್ಕ ಇಂದಿಗೂ ಮುಗಿದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕವು ಇಂಥ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಸಾಯುವವರಲ್ಲಿ ಹೆಚ್ಚಿನವರು ಹಳ್ಳಿಗರು. ಗಂಬೂಟು ತೊಟ್ಟು ಸಸಿ ನೆಡಲು ಹೋದರೆ ಕೆಸರು ಅದನ್ನು ಹಿಡಿದುಕೊಳ್ಳುತ್ತದೆ. ಬೇಸಗೆಯಲ್ಲಿ ಕಾಲು ಬೇಯುತ್ತದೆ. ನಮ್ಮ ಗದ್ದೆಗೂ ಹವೆಗೂ ಹೊಂದುವ, ಕೂಲಿಯವರ ಕೈಗೆಟಕುವ ಕಾಲಿನ ಕವಚವನ್ನು ರೂಪಿಸುವ ಕೆಲಸ ಇನ್ನೂ ಬಾಕಿಯಿದೆ. ವಿಜ್ಞಾನ, ಎಂಜಿನಿಯರಿಂಗ್ ಓದುತ್ತಿರುವವರು ಕೈಹಾಕಬಹುದಾದ ಕೆಲಸ ಅದು.