ಕಜಿಮೆಜ್ ದೋಲ್ನಿ

ಪೂರ್ವ ಪೋಲೆಂಡಿನ ಲುಬ್ಲಿನ್ ಪ್ರಾಂತದಲ್ಲಿ, ವಿಸ್ತುಲಾ ನದಿಯ ಬಲದಂಡೆಯ ಮೇಲಿರುವ ಪುಟ್ಟ ಪಟ್ಟಣ. 12ನೆಯ ಶತಮಾನದಲ್ಲಿ ದೊರೆ ಎರಡನೆಯ ಕಾಜಿಮಿರ್ ಇಲ್ಲಿನ ಗುಡ್ಡದೂರನ್ನು ಕ್ರಾಕೋವ್ ಬಳಿಯ ಸನ್ಯಾಸಿನಿಯರ ಮಠಕ್ಕೆ ದತ್ತಿ ಬಿಟ್ಟನೆಂದೂ ಅವರು ದಾನಿಯ ಹೆಸರನ್ನೇ ಊರಿಗಿಟ್ಟರೆಂದೂ ಪ್ರತೀತಿ. ಪಾಳುಬಿದ್ದ ಕೋಟೆ 14ನೆಯ ಶತಮಾನದ್ದು.

ಊರಿಗೆ ಸಿರಿ ತಂದದ್ದು ಧಾನ್ಯ. 16ನೆಯ ಶತಮಾನದಲ್ಲಿ ಮತ್ತು 17ರ ಮೊದಲರ್ಧದಲ್ಲಿ ಸುತ್ತಲಿನ ಜಮೀನುಗಳ ಗೋಧಿ, ರೈ ಇಲ್ಲಿನ ದಂಡೆಯ ಉಗ್ರಾಣಗಳನ್ನು ಸೇರುತ್ತಿದ್ದವು. ಅಲ್ಲಿಂದ ಚಪ್ಪಟೆ ತಳದ ದೋಣಿಗಳಲ್ಲಿ ಹೊಳೆಗುಂಟ ಇಳಿದು ಗ್ದಾನ್ಸ್ಕ್ ಬಂದರಿಗೆ, ಮುಂದೆ ಪಶ್ಚಿಮ ಯೂರೋಪಿಗೆ ಸಾಗುತ್ತಿದ್ದವು. ಆ ಲಾಭ ಇಂದಿಗೂ ಸಂತೆಚೌಕದ ಗೋಡೆಗಳ ಮೇಲಿದೆ. ಪ್ಶಿಬಿವಾ ಸಹೋದರರು 1615ರ ಸುಮಾರಿಗೆ ಕಟ್ಟಿಸಿದ ಜೋಡಿಮನೆಗಳ ಮುಂಗೋಡೆಯಲ್ಲಿ ಎಳ್ಳು ಬಿದ್ದರೂ ನೆಲ ಕಾಣದಷ್ಟು ಉಬ್ಬುಶಿಲ್ಪ. ತಮ್ಮ ಹೆಸರಿನ ಸಂತರಾದ ನಿಕೋಲಾಸ್, ಕ್ರಿಸ್ಟೋಫರ್‌ರನ್ನೇ ಅವರು ಅಲ್ಲಿ ನಿಲ್ಲಿಸಿದ್ದಾರೆ; ಭಕ್ತಿಗಿಂತ ವರ್ತಕರ ಗತ್ತೇ ಮೊದಲು ಕಣ್ಣಿಗೆ ಬೀಳುತ್ತದೆ. ಇಗರ್ಜಿಯ ಆರ್ಗನ್ ವಾದ್ಯ 1620ರದು, ಪೋಲೆಂಡಿನ ಅತ್ಯಂತ ಹಳೆಯವುಗಳಲ್ಲೊಂದು.

1656ರಲ್ಲಿ ಸ್ವೀಡನ್ನಿನ ಸೇನೆ ಪಟ್ಟಣವನ್ನು ಸುಟ್ಟಿತು. ವ್ಯಾಪಾರ ಹಿಂದಿನ ಮಟ್ಟಕ್ಕೆ ಮತ್ತೆ ಏರಲೇ ಇಲ್ಲ. ದೇಶವಿಭಜನೆಯ ನಂತರ ಆಳಿದ ರಷ್ಯನ್ನರು 1869ರಲ್ಲಿ ಪಟ್ಟಣದ ಸ್ಥಾನವನ್ನೂ ಕಸಿದರು. ಅದು ಮರಳಿದ್ದು 1927ರಲ್ಲಿ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಹಣವಿಲ್ಲದ್ದೇ ಊರಿನ ಚೆಲುವನ್ನು ಉಳಿಸಿತೆನ್ನಬೇಕು. ಎರಡು ಮಹಾಯುದ್ಧಗಳ ನಡುವೆ ಕಲಾಶಿಕ್ಷಕ ತದೇವುಷ್ ಪ್ರುಷ್ಕೋವ್‌ಸ್ಕಿ ವಾರ್ಸಾದಿಂದ ವಿದ್ಯಾರ್ಥಿಗಳನ್ನು ಕರೆತರತೊಡಗಿದ ಮೇಲೆ ಇದು ಚಿತ್ರಕಾರರ ಊರಾಯಿತು.

ಆಗ ಊರಿನ ಅರ್ಧದಷ್ಟು ಜನ ಯೆಹೂದಿಗಳು. ಹಸಿದಿ ಪಂಥದ ಗುರು ಯೆಹೆಜ್ಕೆಲ್ ತೌಬ್ 19ನೆಯ ಶತಮಾನದಲ್ಲಿ ಇಲ್ಲಿ ಕಟ್ಟಿದ ಪರಂಪರೆ ಸಂಗೀತಕ್ಕೆ ಹೆಸರಾಗಿತ್ತು. ಮಾಲಿ ಪಿಕಾನ್ ನಟಿಸಿದ, 1936ರ ಯಿಡ್ಡಿಷ್ ಚಲನಚಿತ್ರ 'ಯಿಡ್ಲ್ ಮಿಟ್ನ್ ಫಿಡ್ಲ್'ನ ಹೊರಾಂಗಣ ದೃಶ್ಯಗಳಿಗೆ ಈ ಬೀದಿಗಳೇ ರಂಗವಾದವು. ನಾಲ್ಕೇ ವರ್ಷಗಳಲ್ಲಿ ಜರ್ಮನ್ನರು ಇಲ್ಲಿ ಘೆಟ್ಟೊ ಮಾಡಿದರು. 1942ರಲ್ಲಿ ಅಲ್ಲಿದ್ದವರನ್ನು ಸಾಗಹಾಕಿ ಕೊಂದರು. ಯೆಹೂದಿ ಸಮಾಧಿಗಳ ಕಲ್ಲುಗಳನ್ನು ಕಿತ್ತು, ಗೆಸ್ಟಾಪೊ ಬೀಡುಬಿಟ್ಟಿದ್ದ ಕ್ರೈಸ್ತ ಮಠದ ಅಂಗಳಕ್ಕೆ ಹಾಸಿದರು.

ಯುದ್ಧಾನಂತರ ವಾಸ್ತುಶಿಲ್ಪಿ ಕರೋಲ್ ಶಿಚಿನ್‌ಸ್ಕಿ ಊರನ್ನು ಹಳೆಯ ಮಾದರಿಯಲ್ಲೇ ಕಟ್ಟಿ ನಿಲ್ಲಿಸಿದರು. 1967ರಿಂದ ಇಲ್ಲಿ ಜನಪದ ಗಾಯಕ-ವಾದಕರ ಉತ್ಸವ ನಡೆಯುತ್ತಿದೆ. ಪ್ರವಾಸಿಗರು ಹುಂಜದಾಕಾರದ ಬ್ರೆಡ್ಡು ಕೊಂಡು ಚೌಕದಿಂದಲೇ ಹಿಂದಿರುಗುವುದುಂಟು. ಊರನ್ನು ಅರಿಯಬೇಕೆನ್ನುವವರು ಹೊರವಲಯದ ಚೆರ್ನ್ಯಾವಿಗೂ ಹೋಗಬೇಕು: ಒಡೆದ ಆ ಸಮಾಧಿಕಲ್ಲುಗಳನ್ನೇ ಜೋಡಿಸಿ, ನಡುವೆ ಬಿರುಕು ಬಿಟ್ಟು 1980ರ ದಶಕದಲ್ಲಿ ಎತ್ತಿದ ಸ್ಮಾರಕ ಗೋಡೆ ಅಲ್ಲಿದೆ.